ಹೆಣ್ಣು ಬರೀ ಹೊಲವಲ್ಲ, ಬೀಜವೂ ಹೌದು



ವಾರದ ಸಭೆಯಲ್ಲಿ ಉಳಿತಾಯ ಕಟ್ಟಿ, ಸಾಲದ ಲೆಕ್ಕ ಬರೆದು ಮುಗಿದ ಮೇಲೆ ನಾವು ಮನೆ ಮಾತು ಆಡ್ತೀವಿ. ಆಗ ಒಂದು ಮಾತು ಕಿವಿಗೆ ಬೀಳ್ತದ: "ಬೀಜ ಗಂಡಸಿಂದು, ಹೆಣ್ಣು ಬರೀ ಹೊಲ." ಮದುವೆಯಾಗಿ ಎರಡು ವರ್ಷ ಮಕ್ಕಳಾಗದಿದ್ದರೆ "ಹೊಲಾನ ಚಲೋ ಇಲ್ಲ" ಅಂತಾರೆ. ಎರಡೂ ಹೆಣ್ಣಾದರೆ "ಈಕಿ ಬರೀ ಹೆಣ್ಣ ಹಡೀತಾಳ" ಅಂತಾರೆ. ಈ ಮಾತಿನಿಂದ ಎಷ್ಟೋ ಸೊಸೆಯಂದಿರು ಕಣ್ಣೀರು ಹಾಕಿದ್ದಾರೆ. ಈ ಮಾತು ನಿಜವೇ? ಬಸಿರಿನ ಮೊದಲ ದಿನ ಹೆಣ್ಣಿನ ಅಂಡಾಣುವಿನೊಳಗೆ ಏನು ನಡೆಯುತ್ತದೆ ಎಂದು ತಿಳಿದರೆ ಉತ್ತರ ಸಿಗುತ್ತದೆ.

ಅಂಡಾಣು ಎಂದರೇನು?

ಅಂಡಾಣು ಎಂದರೆ ಹೆಣ್ಣಿನ ಅಂಡಾಶಯದಲ್ಲಿರುವ ಸಣ್ಣ ತತ್ತಿ. ನೀವು ನಿಮ್ಮ ತಾಯಿಯ ಹೊಟ್ಟೆಯಲ್ಲಿ ಇದ್ದಾಗಲೇ ನಿಮ್ಮ ಅಂಡಾಣುಗಳೆಲ್ಲ ತಯಾರಾಗಿದ್ದವು. ಹೆಣ್ಣುಕೂಸು ಹುಟ್ಟುವಾಗ ಅದರಲ್ಲಿ ಸುಮಾರು 10ರಿಂದ 20 ಲಕ್ಷ ಅಂಡಾಣು ಇರುತ್ತವೆ. ಮೈನೆರೆಯುವ ಹೊತ್ತಿಗೆ 3-4 ಲಕ್ಷ ಉಳಿಯುತ್ತವೆ. ಜೀವಮಾನದಲ್ಲಿ ಪೂರ್ತಿ ಬಲಿತು ಹೊರಬರುವುದು 400-500 ಮಾತ್ರ.

ಒಂದು ಅಂಡಾಣುವಿನ ಅಗಲ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಆದರೂ ನಮ್ಮ ದೇಹದ ಜೀವಕೋಶಗಳಲ್ಲಿ ಇದೇ ದೊಡ್ಡದು. ಗಂಡಸಿನ ವೀರ್ಯಾಣು ಇದರ ಮುಂದೆ ಬಹಳ ಸಣ್ಣದು. ಅಂಡಾಣು ಹೊರಬಂದ ಮೇಲೆ 12ರಿಂದ 24 ತಾಸು ಮಾತ್ರ ಅಂಡನಾಳದಲ್ಲಿ ಕಾಯುತ್ತದೆ. ವೀರ್ಯಾಣು ಹೆಣ್ಣಿನ ದೇಹದಲ್ಲಿ 5 ದಿನದವರೆಗೂ ಬದುಕಬಲ್ಲದು.

ವೀರ್ಯಾಣು ಒಳಗೆ ಬಂದಾಗ

ಮನೆಯಲ್ಲಿ ಮದುವೆ ನಿಂತರೆ ನಾವು ಸಾಮಾನೆಲ್ಲ ಸರಿಸಿ, ಬೇಡಾದ್ದನ್ನು ಹೊರಗಿಟ್ಟು, ಮನೆಯನ್ನೇ ಬದಲು ಮಾಡ್ತೀವಲ್ಲ, ಅಂಡಾಣು ಕೂಡ ಹಾಗೇ ಮಾಡುತ್ತದೆ.

1. ಬಾಗಿಲು ಹಾಕುತ್ತದೆ. ಒಂದು ವೀರ್ಯಾಣು ಸೇರಿದ ಕೂಡಲೇ ಅಂಡಾಣುವಿನೊಳಗೆ ಕ್ಯಾಲ್ಸಿಯಂನ ಅಲೆ ಏಳುತ್ತದೆ. ಹೊರಪದರದ ಕೆಳಗೆ ಸಾಲಾಗಿ ಇರುವ ಸಾವಿರಾರು ಸಣ್ಣ ಚೀಲಗಳು ಒಡೆದು, ಸುತ್ತಲಿನ ಕವಚ ಗಟ್ಟಿಯಾಗುತ್ತದೆ. ಎರಡನೇ ವೀರ್ಯಾಣು ಬಂದರೆ ಲೆಕ್ಕ ತಪ್ಪಿ ಪಿಂಡ ಬೆಳೆಯುವುದಿಲ್ಲ. ಅದಕ್ಕೇ ಈ ಅವಸರ.

2. ಹೆಚ್ಚಿನದನ್ನು ಹೊರಹಾಕುತ್ತದೆ. ತಂದೆ-ತಾಯಿಯ ಗುಣಗಳನ್ನು ಹೊತ್ತ ನೂಲುಗಳಿಗೆ ವರ್ಣತಂತು ಎನ್ನುತ್ತಾರೆ. ಇವನ್ನು ಹಂಚುವ ಕೆಲಸವನ್ನು ಅಂಡಾಣು ಅರ್ಧಕ್ಕೆ ನಿಲ್ಲಿಸಿಕೊಂಡು ಕಾಯುತ್ತಿರುತ್ತದೆ. ಈಗ ಒಳಗಿನ ಸಣ್ಣ ಹಗ್ಗಗಳಿಂದ ಎಳೆದು 23 ವರ್ಣತಂತು ಉಳಿಸಿಕೊಂಡು, ಉಳಿದದ್ದನ್ನು ಪುಟ್ಟ ಚೀಲದಲ್ಲಿ ಕಟ್ಟಿ ಹೊರಗೆ ತಳ್ಳುತ್ತದೆ. ದಾಸ್ತಾನಿನ ಆಹಾರವನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

3. ಬಂದ ಗಂಟು ಬಿಚ್ಚುತ್ತದೆ. ವೀರ್ಯಾಣು ತಂದ 23 ವರ್ಣತಂತುಗಳು ಬಿಗಿಯಾಗಿ ಸುತ್ತಿಕೊಂಡಿರುತ್ತವೆ. ಅವನ್ನು ಬಿಚ್ಚಿ, ತನ್ನ ಪ್ರೋಟೀನಿನಿಂದ ಹೊಸದಾಗಿ ಸುತ್ತುವುದು ಅಂಡಾಣುವೇ. ಹಗ್ಗ ಹೊಸೆಯಲು ನೆರವಾಗುವ ಒಂದು ಸಣ್ಣ ಭಾಗವನ್ನು ವೀರ್ಯಾಣು ತರುತ್ತದೆ. ಆ ಹಗ್ಗಗಳಿಂದ ತಾಯಿಯ ಗಂಟು, ತಂದೆಯ ಗಂಟು ಎರಡೂ ನಡುವಿಗೆ ಬರುತ್ತವೆ. 16-18 ತಾಸಿನ ಹೊತ್ತಿಗೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡು ದುಂಡನೆಯ ಗಂಟು ಅಕ್ಕಪಕ್ಕ ಕಾಣುತ್ತವೆ. ಸುಮಾರು ಒಂದು ದಿನಕ್ಕೆ ಒಂದು ಕೋಶ ಎರಡಾಗುತ್ತದೆ.

4. ಒಲೆ ತನ್ನದೇ ಹೂಡುತ್ತದೆ. ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಗಳು ಅಂಡಾಣುವಿನಲ್ಲಿ ಲಕ್ಷದ ಲೆಕ್ಕದಲ್ಲಿ ಇರುತ್ತವೆ. ವೀರ್ಯಾಣು ತಂದ ಕೆಲವನ್ನು ಅದು ನಾಶ ಮಾಡುತ್ತದೆ. ಮೊದಲ ಎರಡು-ಮೂರು ದಿನ ಪಿಂಡ ನಡೆಯುವುದು ಬಹುಪಾಲು ಅಂಡಾಣುವಿನ ದಾಸ್ತಾನಿನಿಂದಲೇ.

ಅಂದರೆ 23 ತಾಯಿಯದು, 23 ತಂದೆಯದು: ಬೀಜ ಸಮಪಾಲು. ಬುತ್ತಿ, ಒಲೆ, ಮನೆ ಮಾತ್ರ ತಾಯಿಯದು.

ನಮ್ಮೂರ ಕಪ್ಪೆ ತತ್ತಿ ನೋಡಿ

ಮನುಷ್ಯರಲ್ಲಿ ಇದೆಲ್ಲ ಒಳಗೇ ನಡೆಯುವುದರಿಂದ ಕಣ್ಣಿಗೆ ಕಾಣದು. ಆದರೆ ಕಪ್ಪೆಯ ತತ್ತಿಗೆ ಬಸಿರು ಕಟ್ಟುವುದು ನೀರಿನಲ್ಲಿ, ಹೊರಗೆ. ಮಳೆಗಾಲದಲ್ಲಿ ಹೊಲದ ಹೊಂಡದಲ್ಲಿ ಕಪ್ಪೆ ತತ್ತಿ ನೋಡಿದವರಿಗೆ ಗೊತ್ತು, ಮೇಲಿನ ಭಾಗ ಕಪ್ಪು, ಕೆಳಗಿನದು ಬಿಳಿಚು. ವೀರ್ಯಾಣು ಸೇರಿದ ಮೇಲೆ, ತತ್ತಿ ಎರಡಾಗುವ ಮೊದಲೇ, ಅದರ ಹೊರಪದರ ಒಳಭಾಗದ ಮೇಲೆ ಸುಮಾರು 30 ಡಿಗ್ರಿ ಹೊರಳುತ್ತದೆ. ಮರಿಯ ಬೆನ್ನು ಯಾವ ಕಡೆ ಎನ್ನುವುದು ಆಗಲೇ ಗೊತ್ತಾಗುತ್ತದೆ. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರೊ. ಎಸ್. ಕೆ. ಸೈದಾಪುರ ಮತ್ತು ಸಂಗಡಿಗರು ಕಪ್ಪೆಯ ಅಂಡಾಶಯದಲ್ಲಿ ತತ್ತಿ ಬೆಳೆಯುವ ಬಗೆಯನ್ನು ಹಲವು ವರ್ಷ ಅಭ್ಯಾಸ ಮಾಡಿದ್ದಾರೆ.

ಗಂಡೋ ಹೆಣ್ಣೋ?

ಅಂಡಾಣುವಿನಲ್ಲಿ ಇರುವುದು ಎಕ್ಸ್ ವರ್ಣತಂತು ಒಂದೇ. ವೀರ್ಯಾಣು ಎಕ್ಸ್ ತಂದರೆ ಹೆಣ್ಣು, ವೈ ತಂದರೆ ಗಂಡು. ಹೀಗೆ ಲಿಂಗ ತೀರ್ಮಾನವಾಗುವುದು ವೀರ್ಯಾಣುವಿನಿಂದ ಎಂದು 1905ರಲ್ಲಿ ಹಿಟ್ಟಿನ ಹುಳಗಳನ್ನು ಪರೀಕ್ಷಿಸಿ ತೋರಿಸಿದವರು ಅಮೆರಿಕದ ಒಬ್ಬ ಹೆಣ್ಣುಮಗಳು, ನೆಟ್ಟಿ ಸ್ಟೀವನ್ಸ್. ಇದರಲ್ಲಿ ಸೊಸೆಯ ತಪ್ಪಿಲ್ಲ. ಗಂಡನದೂ ತಪ್ಪಲ್ಲ, ಅದು ಅವನ ಕೈಯಲ್ಲಿ ಇರುವುದಿಲ್ಲ. ಗರ್ಭದಲ್ಲಿ ಗಂಡೋ ಹೆಣ್ಣೋ ಪತ್ತೆ ಮಾಡುವುದು, ಮಾಡಿಸಲು ಒತ್ತಾಯಿಸುವುದು 1994ರ ಕಾಯ್ದೆ ಪ್ರಕಾರ ಅಪರಾಧ.

ನಾವು ಏನು ಮಾಡಬೇಕು?

• ಒಂದು ವರ್ಷ ಒಟ್ಟಿಗಿದ್ದೂ ಬಸಿರಾಗದಿದ್ದರೆ ಗಂಡ-ಹೆಂಡತಿ ಇಬ್ಬರೂ ಡಾಕ್ಟರ್ ಹತ್ರ ಹೋಗಬೇಕು. ಹೆಣ್ಣಿಗೆ 35 ದಾಟಿದ್ದರೆ ಆರು ತಿಂಗಳಿಗೇ ಹೋಗಬೇಕು. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಇರುತ್ತದೆ. ವೀರ್ಯ ಪರೀಕ್ಷೆ ಸುಲಭ, ನೋವಿಲ್ಲ.

• ವಯಸ್ಸಾದಂತೆ ಅಂಡಾಣುವಿನೊಳಗಿನ ಹಂಚಿಕೆ ತಪ್ಪುವುದು ಹೆಚ್ಚು. ಡೌನ್ ಸಿಂಡ್ರೋಮ್ ಕೂಸು ಹುಟ್ಟುವ ಸಂಭವ ತಾಯಿಯ 25ನೇ ವಯಸ್ಸಿಗೆ ಸುಮಾರು 1,250ಕ್ಕೆ ಒಂದು, 40ಕ್ಕೆ ಸುಮಾರು 100ಕ್ಕೆ ಒಂದು. ಇದು ಶಾಪವಲ್ಲ, ಯಾರ ಪಾಪವೂ ಅಲ್ಲ.

• ಕೂಸಿನ ಮಿದುಳು, ಬೆನ್ನುಹುರಿಯ ನಾಳ ಮೊದಲ 28 ದಿನದಲ್ಲೇ ಮುಚ್ಚುತ್ತದೆ. ಎಷ್ಟೋ ಸಲ ಆಗ ಬಸಿರು ಗೊತ್ತೇ ಆಗಿರುವುದಿಲ್ಲ. ಅದಕ್ಕೆ ಫೋಲಿಕ್ ಆಸಿಡ್ ಗುಳಿಗೆಯನ್ನು ಬಸಿರಾಗುವ ಮೊದಲೇ ಶುರು ಮಾಡಬೇಕು. ಆಶಾ ಕಾರ್ಯಕರ್ತೆಯನ್ನು ಕೇಳಿ.

ಸಂಘದಲ್ಲಿ ಚರ್ಚಿಸಿ

1. ಮಕ್ಕಳಾಗದ ಮನೆಯಲ್ಲಿ ಮೊದಲು ಯಾರನ್ನು ದವಾಖಾನೆಗೆ ಕರೆದೊಯ್ಯುತ್ತಾರೆ? ಯಾಕೆ?

2. ನಾವೇ ಅತ್ತೆಯಾದಾಗ ಸೊಸೆಗೆ ಏನು ಹೇಳುತ್ತೇವೆ?

ಮುಂದಿನ ಸಲ ಯಾರಾದರೂ "ಹೆಣ್ಣು ಬರೀ ಹೊಲ" ಅಂದರೆ ಸುಮ್ಮನೆ ಕೂಡಬೇಡಿ. "ಅರ್ಧ ಬೀಜ ನಮ್ಮದೂ ಐತ್ರಿ" ಅಂತ ಹೇಳಿ.