ಐ.ಸಿ.ಯು. ಕೋಣೆಯಲ್ಲಿ ಕೈ ಎಲ್ಲಿಡಬೇಕು?

ಕಳೆದ ಮಳೆಗಾಲದಲ್ಲಿ ನಮ್ಮ ಹತ್ತಿರದ ಬಂಧುವೊಬ್ಬರು ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ, ಎಂದರೆ ಎಲ್ಲರೂ ಐ.ಸಿ.ಯು. ಎಂದು ಕರೆಯುವ ಕೋಣೆಯಲ್ಲಿ, ಹನ್ನೊಂದು ದಿನ ಮಲಗಿದ್ದರು. ಸಂಜೆ ಒಮ್ಮೆ, ಮನೆಯವರಲ್ಲಿ ಒಬ್ಬರು ಮಾತ್ರ ಒಳಗೆ ಹೋಗಿ ನೋಡಿ ಬರಬಹುದು. ಒಂದು ಸಂಜೆ ದೊಡ್ಡಮ್ಮನ ಸರದಿ ಬಂತು. ಎಣ್ಮಕಜೆ ಕಡೆಯ ತೋಟದ ಮನೆ ಬಿಟ್ಟು ಹೆಚ್ಚು ಹೊರಗೆ ಓಡಾಡಿದವರಲ್ಲ ಅವರು. ಕನ್ನಡ, ತುಳು ಬಿಟ್ಟರೆ ಬೇರೆ ಮಾತು ಬಾರದು. ಒಳಗೆ ಹೋಗಿ ಹಾಸಿಗೆಯ ಬದಿಯ ಕಂಬಿ ಹಿಡಿದು ನಿಂತದ್ದೇ ತಡ, ಸಿಸ್ಟರ್ ಒಬ್ಬರು ಮಲಯಾಳದಲ್ಲಿ ‘ತೊಡರುತ್’ ಎಂದರು. ಮುಟ್ಟಬೇಡಿ ಎಂದು ಅದರರ್ಥ. ದೊಡ್ಡಮ್ಮನಿಗೆ ಕಾಲಿಗೆ ಏನೋ ತೊಡರುತ್ತದೆ ಎಂದು ಎಚ್ಚರಿಸಿದಂತೆ ಕೇಳಿಸಿತು. ಒಂದು ಕೈಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಅದೇ ಕಂಬಿಯನ್ನು ಮತ್ತಷ್ಟು ಭದ್ರವಾಗಿ ಹಿಡಿದುಕೊಂಡರು. ಹೊರಗೆ ಬಂದವರು ಅದೇ ಕೈಯಿಂದ ಕಣ್ಣೊರಸಿಕೊಂಡರು. ಕಾದು ನಿಂತಿದ್ದ ಮೊಮ್ಮಗಳ ಕೆನ್ನೆ ಸವರಿದರು.

ಆಗ ನಾವು ನಕ್ಕೆವು. ಮನೆಗೆ ಬಂದ ಮೇಲೆ ನಗು ಉಳಿಯಲಿಲ್ಲ. ಆ ಕಂಬಿಯ ಮೇಲೆ ಏನಿರಬಹುದು ಎಂಬ ಪ್ರಶ್ನೆ ಹಿಂದೆಯೇ ಬಂತು.

ಈ ಪ್ರಶ್ನೆಗೆ ಉತ್ತರ ಹುಡುಕಿದವರು ಇದ್ದಾರೆ. 2020ರ ಫೆಬ್ರವರಿ-ಮಾರ್ಚ್‌ನಲ್ಲಿ ಚೀನದ ವುಹಾನ್ ನಗರದ ಹುವೊಶೆನ್‌ಶಾನ್ ಆಸ್ಪತ್ರೆಯಲ್ಲಿ ಕೋವಿಡ್ ರೋಗಿಗಳಿದ್ದ ಐ.ಸಿ.ಯು.ವಿನ ವಸ್ತುಗಳನ್ನು ಹತ್ತಿಯ ಕಡ್ಡಿಯಿಂದ ಒರಸಿ ಪರೀಕ್ಷೆಗೆ ಕಳುಹಿಸಿದರು. ಹಾಸಿಗೆ ಕಂಬಿಯ 14 ಮಾದರಿಗಳಲ್ಲಿ 6ರಲ್ಲಿ ವೈರಾಣುವಿನ ಗುರುತು ಸಿಕ್ಕಿತು. ನೆಲದ 10 ಮಾದರಿಗಳಲ್ಲಿ 7. ಎಲ್ಲಕ್ಕಿಂತ ಬೆರಗಿನ ಮಾತೆಂದರೆ ಕಂಪ್ಯೂಟರಿನ ಮೌಸ್: 8ರಲ್ಲಿ 6. ರೋಗಿ ಕಂಪ್ಯೂಟರ್ ಮುಟ್ಟುವುದಿಲ್ಲ. ಮುಟ್ಟುವವರು ಕೈಗವಸು ತೊಟ್ಟ ಡಾಕ್ಟರರು, ಸಿಸ್ಟರುಗಳು. ಕೈಗವಸು ತೊಟ್ಟವರ ಕೈಯನ್ನು ಕಾಯುತ್ತದೆ. ಆ ಕೈ ಮುಂದೆ ಮುಟ್ಟುವುದನ್ನು ಕಾಯುವುದಿಲ್ಲ. ರೋಗಿಗಳೇ ಕಾಲಿಡದ ಔಷಧ ಕೋಣೆಯ ನೆಲದಲ್ಲಿಯೂ ವೈರಾಣು ಸಿಕ್ಕಿತು. ಅದು ನಡೆದು ಹೋದದ್ದು ಸಿಬ್ಬಂದಿಯ ಪಾದರಕ್ಷೆಯ ಅಡಿಯಲ್ಲಿ.

ಅದೇ ವರ್ಷ ಅಮೆರಿಕದ ವಿಜ್ಞಾನಿಗಳು ಈ ವೈರಾಣು ಯಾವ ವಸ್ತುವಿನ ಮೇಲೆ ಎಷ್ಟು ಹೊತ್ತು ಜೀವ ಹಿಡಿದಿರುತ್ತದೆ ಎಂದು ಅಳೆದರು. ಪ್ಲಾಸ್ಟಿಕ್ಕಿನ ಮೇಲೆ 72 ಗಂಟೆಯವರೆಗೆ, ಸ್ಟೀಲಿನ ಮೇಲೆ 48 ಗಂಟೆಯವರೆಗೆ, ರಟ್ಟಿನ ಮೇಲೆ ಒಂದು ದಿನ. ತಾಮ್ರದ ಮೇಲೆ ನಾಲ್ಕು ಗಂಟೆ ಕಳೆದ ಮೇಲೆ ಜೀವವಿರುವ ವೈರಾಣು ಸಿಗಲಿಲ್ಲ. (ಅಜ್ಜಿಯ ತಾಮ್ರದ ಚೊಂಬು ನೆನಪಾದರೆ ತಪ್ಪಿಲ್ಲ. ಆದರೆ ಆಸ್ಪತ್ರೆಯ ಮಂಚಗಳು ಸ್ಟೀಲಿನವು, ಬದಿಗಳು ಪ್ಲಾಸ್ಟಿಕ್ಕಿನವು.)

ಇಲ್ಲಿ ಓದುಗರು ಹೆದರಿ ಕೂರಬಾರದು. ಕಡ್ಡಿಯಿಂದ ಒರಸಿ ಮಾಡುವ ಪರೀಕ್ಷೆ ವೈರಾಣುವಿನ ಒಳಗಿನ ವಂಶವಸ್ತುವನ್ನು ಹುಡುಕುತ್ತದೆ. ಸತ್ತ ವೈರಾಣುವಿನಲ್ಲಿಯೂ ಅದು ಸಿಗುತ್ತದೆ. ತೋಟದಲ್ಲಿ ಹಾವಿನ ಪೊರೆ ಸಿಕ್ಕಿದರೆ ಹಾವು ಈ ದಾರಿಯಲ್ಲಿ ಹೋಗಿದೆ ಎನ್ನಬಹುದು, ಈಗಲೂ ಇಲ್ಲಿಯೇ ಇದೆ ಎನ್ನಲಾಗದು. ಕೋವಿಡ್ ಮುಖ್ಯವಾಗಿ ಹರಡಿದ್ದು ಉಸಿರಿನ ಗಾಳಿಯಿಂದ. ಸೋಂಕಿದ ವಸ್ತುವನ್ನು ಒಮ್ಮೆ ಮುಟ್ಟಿದರೆ ರೋಗ ಬರುವ ಸಂಭವ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರ ಏಪ್ರಿಲ್‌ನಲ್ಲಿ ತಿಳಿಸಿತು. ತರಕಾರಿಯನ್ನು ಸಾಬೂನಿನಲ್ಲಿ ತೊಳೆದು, ಅಂಗಡಿಯಿಂದ ತಂದ ಚೀಲವನ್ನು ಜಗಲಿಯಲ್ಲಿ ಎರಡು ದಿನ ಇಟ್ಟವರಲ್ಲಿ ನಾವೂ ಸೇರಿದ್ದೆವು. ಅಷ್ಟು ಬೇಕಿರಲಿಲ್ಲ.

ಹಾಗೆಂದು ಎಲ್ಲ ವೈರಾಣುವೂ ಒಂದೇ ಜಾತಿಯಲ್ಲ. ಶಿಶುಗಳಿಗೆ ಉಬ್ಬಸ ತರುವ ಆರ್.ಎಸ್.ವಿ. ಎಂಬುದೊಂದಿದೆ. 1981ರಲ್ಲಿ ಪ್ರಕಟವಾದ ಒಂದು ಹಳೆಯ ಪ್ರಯೋಗ ನಮಗೆ ಬಹಳ ಹಿಡಿಸಿತು. ಅಮೆರಿಕದ ರೊಚೆಸ್ಟರ್‌ನಲ್ಲಿ ಕೆರೊಲಿನ್ ಹಾಲ್ ಎಂಬ ಮಕ್ಕಳ ವೈದ್ಯೆ ಮತ್ತು ಅವರ ಜೊತೆಗಾರರು ಸ್ವಯಂಸೇವಕರನ್ನು ಮೂರು ಪಂಗಡ ಮಾಡಿದರು. ಒಂದು ಪಂಗಡ ರೋಗದ ಶಿಶುವನ್ನು ಎತ್ತಿ ಆಡಿಸಿತು. ಇನ್ನೊಂದು, ಶಿಶು ಇಲ್ಲದಾಗ ಅದರ ತೊಟ್ಟಿಲು, ಸಾಮಾನುಗಳನ್ನು ಮಾತ್ರ ಮುಟ್ಟಿ, ಬಳಿಕ ಆ ಕೈಯನ್ನು ಮೂಗಿಗೆ, ಕಣ್ಣಿಗೆ ತಾಗಿಸಿತು. ಮೂರನೆಯದು ಆರಡಿಗೂ ಹೆಚ್ಚು ದೂರದಲ್ಲಿ ಸುಮ್ಮನೆ ಕುಳಿತಿತು. ಎತ್ತಿ ಆಡಿಸಿದ 7 ಜನರಲ್ಲಿ 5 ಜನರಿಗೆ ಸೋಂಕು ತಗಲಿತು. ದೂರ ಕುಳಿತ 14 ಜನರಲ್ಲಿ ಒಬ್ಬರಿಗೂ ಇಲ್ಲ. ಮಗುವನ್ನು ಮುಟ್ಟದೆ ಬರೀ ಸಾಮಾನು ಮುಟ್ಟಿದ 10 ಜನರಲ್ಲಿ 4 ಜನರಿಗೆ ತಗಲಿತು! ದೊಡ್ಡಮ್ಮ ಮಾಡಿದ್ದು ಈ ನಡುವಿನ ಪಂಗಡದವರು ಮಾಡಿದ್ದನ್ನೇ.

ನಮ್ಮ ರಾಜ್ಯಕ್ಕೆ ಈ ಪಾಠ ನಿಪಾ ಕಾಲದಲ್ಲಿ ಬಂತು. 2018ರ ಮೇ ತಿಂಗಳಲ್ಲಿ ಕೋಝಿಕ್ಕೋಡಿನಲ್ಲಿ ಕಾಣಿಸಿಕೊಂಡ ರೋಗ ಹೆಚ್ಚಿನವರಿಗೆ ತಗಲಿದ್ದು ಬಾವಲಿಯಿಂದಲ್ಲ, ಆಸ್ಪತ್ರೆಯಲ್ಲಿ, ಮೊದಲು ಮಲಗಿದ್ದ ರೋಗಿಯ ಸಮೀಪದಲ್ಲಿ. ಪೇರಾಂಬ್ರ ತಾಲೂಕು ಆಸ್ಪತ್ರೆಯ ಸಿಸ್ಟರ್ ಲಿನಿ ಆರೈಕೆ ಮಾಡುತ್ತಲೇ ರೋಗಕ್ಕೆ ತುತ್ತಾಗಿ ಮೇ 21ರಂದು ತೀರಿಕೊಂಡರು. ಅಲ್ಲಿ ರೋಗಿಯ ಕೆಮ್ಮು, ಜೊಲ್ಲು ಇವೇ ಮುಖ್ಯ ದಾರಿ. ಆದರೂ ಬಾಂಗ್ಲಾದೇಶದ ಆಸ್ಪತ್ರೆಯೊಂದರಲ್ಲಿ ಹಿಂದೆ ನಿಪಾ ರೋಗಿ ಮಲಗಿದ್ದ ಮಂಚದ ಚೌಕಟ್ಟಿನಲ್ಲಿಯೂ ಪಕ್ಕದ ಗೋಡೆಯಲ್ಲಿಯೂ ಅದರ ಗುರುತು ಸಿಕ್ಕಿತ್ತು. ನಿಪಾ ಆಮೇಲೆಯೂ ಕೇರಳಕ್ಕೆ ಮರಳಿ ಮರಳಿ ಬಂದಿದೆ.

ಉಪಾಯ ಹೊಸದೇನಲ್ಲ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮೆಲ್‌ವೈಸ್ ಎಂಬ ವೈದ್ಯ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಿಸಿ ಬಾಣಂತಿಯರ ಸಾವು ತಗ್ಗಿಸಿದ. ಇಂದಿಗೂ ಅದೇ ಕ್ಲೋರಿನ್. ವಸ್ತುಗಳನ್ನು ಒರಸಲು ಶೇ. 0.1ರ ದ್ರಾವಣ, ರಕ್ತ ಚೆಲ್ಲಿದಲ್ಲಿ ಶೇ. 0.5. ಆದರೆ ಮೊದಲು ಸಾಬೂನು ನೀರಿನಿಂದ ಕೊಳೆ ತೆಗೆಯಬೇಕು. ಕೊಳೆಯ ಮೇಲೆ ಸುರಿದ ಕ್ಲೋರಿನ್ನನ್ನು ಕೊಳೆಯೇ ತಿಂದುಬಿಡುತ್ತದೆ. ಒರಸಿದ ಕೂಡಲೇ ಒಣಗಿಸಬಾರದು, ಕೆಲವು ನಿಮಿಷ ಒದ್ದೆಯಾಗಿಯೇ ಇರಬೇಕು. ನಿನ್ನೆ ಕಲಸಿಟ್ಟ ನೀರಿಗೆ ಇಂದು ಶಕ್ತಿಯಿಲ್ಲ. ಒಂದು ಮಂಚ ಒರಸಿದ ಬಟ್ಟೆಯಲ್ಲೇ ಮುಂದಿನದನ್ನು ಒರಸಿದರೆ ಶುಚಿ ಮಾಡಿದಂತಲ್ಲ, ಸೋಂಕು ಹಂಚಿದಂತೆ. ಇಷ್ಟೆಲ್ಲ ಜವಾಬ್ದಾರಿ ಹೊತ್ತವರು ಆಸ್ಪತ್ರೆಯಲ್ಲಿ ಅತಿ ಕಡಿಮೆ ಸಂಬಳದ ಕೆಲಸಗಾರರು. ಲಕ್ಷಗಟ್ಟಲೆ ಬೆಲೆಯ ಯಂತ್ರಕ್ಕೆ ಇರುವ ಮರ್ಯಾದೆ ಅದನ್ನು ಒರಸುವ ಕೈಗೆ ಇಲ್ಲ.

ನಾವು ಕಂಡ ಕೋಣೆಯ ಬಾಗಿಲ ಬಳಿ ಒಂದು ಮೊಳೆ ಇತ್ತು, ಮೊಳೆಯಲ್ಲಿ ಒಂದು ಹಸಿರು ನಿಲುವಂಗಿ. ಒಳಗೆ ಹೋಗುವವರೆಲ್ಲ ಅದನ್ನೇ ತೊಟ್ಟು, ಬರುವಾಗ ಅಲ್ಲಿಯೇ ತೂಗು ಹಾಕುವುದು. ಬೆಳಗ್ಗಿನಿಂದ ಎಷ್ಟು ಮಂದಿ ತೊಟ್ಟಿದ್ದರೋ! ಇದಕ್ಕಿಂತ ನಿಲುವಂಗಿ ಇಲ್ಲದಿರುವುದೇ ಲೇಸು ಎಂದು ನಮಗನಿಸಿತು. ಕೈ ತೊಳೆಯುವ ದ್ರವದ ಬಾಟಲಿ ಪಕ್ಕದಲ್ಲೇ ಇತ್ತು. ಒಳಗೆ ಹೋಗುವಾಗ ಬಹುತೇಕ ಎಲ್ಲರೂ ಬಳಸಿದರು, ಬರುವಾಗ ಬಹುಮಂದಿ ಮರೆತರು. ವಿಶ್ವ ಆರೋಗ್ಯ ಸಂಸ್ಥೆ ಕೈ ಶುಚಿಗೆ ಐದು ಸಮಯಗಳನ್ನು ಹೇಳಿದೆ. ಐದನೆಯದು, ರೋಗಿಯ ಸುತ್ತಲಿನ ವಸ್ತು ಮುಟ್ಟಿದ ಬಳಿಕ. ಫೋನೂ ಲೆಕ್ಕಕ್ಕೆ ಸೇರುತ್ತದೆ. ಮಂಚದ ಮೇಲಿಟ್ಟ ಫೋನನ್ನು ಕಿವಿಗಿಟ್ಟುಕೊಂಡರೆ ಕೈ ತೊಳೆದದ್ದು ವ್ಯರ್ಥ.

ಇವೆಲ್ಲ ಬಾಗಿಲಲ್ಲಿ ಬರೆದೇ ಇತ್ತು, ಮಲಯಾಳದಲ್ಲಿ ಮತ್ತು ಇಂಗ್ಲಿಷಿನಲ್ಲಿ. ಸರಕಾರದೊಡನೆ ಕನ್ನಡದಲ್ಲಿ ಪತ್ರ ವ್ಯವಹಾರ ನಡೆಸಲು ಭಾಷಾ ಅಲ್ಪಸಂಖ್ಯಾತರಾದ ನಮಗೆ 1969ರ ಅಧಿಕೃತ ಭಾಷಾ ಕಾಯಿದೆ ಅವಕಾಶ ಕೊಟ್ಟಿದೆ. ಅರ್ಜಿಗೆ ಸಿಕ್ಕಿದ ಹಕ್ಕು ಐ.ಸಿ.ಯು. ಬಾಗಿಲಿನವರೆಗೆ ನಡೆದು ಬಂದಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳು ನಮಗೆ ಎಷ್ಟು ದೂರವಾದುವೆಂದು ಓದುಗರು ಮರೆತಿರಲಾರರು. ಏಪ್ರಿಲ್‌ನಲ್ಲಿ ಉಕ್ಕಿನಡ್ಕದ ವೈದ್ಯಕೀಯ ಕಾಲೇಜನ್ನು ಅವಸರದಲ್ಲಿ ಕೋವಿಡ್ ಆಸ್ಪತ್ರೆಯಾಗಿ ತೆರೆದದ್ದು ಆಗಲೇ. ಗಡಿಯ ಈಚೆಯ ಹಾಸಿಗೆಗಳೇ ನಮಗೆ ಗತಿಯಾದಾಗ, ಅವುಗಳ ಬಳಿ ನಿಲ್ಲುವ ರೀತಿಯೂ ನಮ್ಮ ಮಾತಿನಲ್ಲಿ ತಿಳಿಯಬೇಕಷ್ಟೆ.

ಬಂಧು ಗುಣವಾಗಿ ಮನೆಗೆ ಹೊರಟ ದಿನ ನಾವು ನಾಲ್ಕು ಸಾಲು ಕನ್ನಡದಲ್ಲಿ ದಪ್ಪಗೆ ಬರೆದು ಆ ಸಿಸ್ಟರ್ ಕೈಗೆ ಕೊಟ್ಟೆವು. ಮೇಲಿನವರನ್ನು ಕೇಳದೆ ಅಂಟಿಸಲಾಗದು ಎಂದರು ಅವರು, ನ್ಯಾಯವೇ. ಬಳಿಕ ‘ತೊಡರುತ್’ ಎನ್ನಲು ಕನ್ನಡದಲ್ಲಿ ಏನೆನ್ನಬೇಕು ಎಂದು ಕೇಳಿದರು. ಹೇಳಿದೆವು. ‘ಮುಟ್ಟಬೇಡಿ’ ಎಂದು ಎರಡು ಸಲ ಬಾಯಲ್ಲಿ ಹೇಳಿಕೊಂಡು, ಮೇಜಿನ ಮೇಲಿದ್ದ ಚೀಟಿಯ ಹಿಂಬದಿಯಲ್ಲಿ ಮಲಯಾಳ ಅಕ್ಷರಗಳಲ್ಲಿ ಬರೆದಿಟ್ಟುಕೊಂಡರು.