ಬಲ ನಿಂತರೆ ಚಲನೆಯೂ ನಿಲ್ಲುವುದೇ?

ಬಾಗಲಕೋಟೆ: ಇಳಕಲ್ಲಿನ ಕೈಮಗ್ಗದಲ್ಲಿ ನೇಕಾರ ಎಸೆದ ಲಾಳಿಯು ಕೈಬಿಟ್ಟ ಮೇಲೂ ಹಾಸಿನ ಎಳೆಗಳ ನಡುವೆ ಸಾಗುತ್ತದೆ. ಆಗ ಅದನ್ನು ಮುಂದಕ್ಕೆ ತಳ್ಳುವ ಬಲ ಯಾವುದು? ಎಸೆದ ಕೈಯ ಬಲವೇ ಲಾಳಿಯೊಳಗೆ ಉಳಿದಿದ್ದು, ಅದು ತೀರಿದಾಗ ಲಾಳಿ ನಿಲ್ಲುತ್ತದೆ ಎಂಬುದು ಅನೇಕ ವಿದ್ಯಾರ್ಥಿಗಳ ಉತ್ತರ.

ವಾಸ್ತವವಾಗಿ ಮುಂದಕ್ಕೆ ತಳ್ಳುವ ಬಲವೇ ಅಲ್ಲಿಲ್ಲ. ಪಡೆದ ವೇಗದಿಂದ ಲಾಳಿ ಸಾಗುತ್ತದೆ; ಎಳೆಗಳ ಘರ್ಷಣೆ ಅದನ್ನು ನಿಧಾನಗೊಳಿಸುತ್ತದೆ.

ಈ ತಪ್ಪು ಕಲ್ಪನೆ ದಡ್ಡತನದಿಂದ ಬಂದುದಲ್ಲ. ಇಳಕಲ್ಲಿನ ಕೆಂಪು ಗ್ರಾನೈಟ್ ಕಲ್ಲನ್ನು ತಳ್ಳುವುದನ್ನು ಬಿಟ್ಟೊಡನೆ ಅದು ನಿಲ್ಲುತ್ತದೆ. ತಡೆಯುವ ಘರ್ಷಣೆ ಕಣ್ಣಿಗೆ ಕಾಣದು. ಚಲನೆಗೆ ಸದಾ ಬಲ ಬೇಕೆಂದು ಅರಿಸ್ಟಾಟಲನೂ ನಂಬಿದ್ದ. ಬಲ ಬೇಕಾದುದು ಚಲನೆಯನ್ನು ಉಳಿಸಲು ಅಲ್ಲ, ಬದಲಿಸಲು ಎಂಬುದನ್ನು ನ್ಯೂಟನ್ 1687ರಲ್ಲಿ ನಿಯಮವಾಗಿ ಪ್ರಕಟಿಸಿದ.

ಸೂತ್ರ ಕಂಠಪಾಠವಾದರೂ ಹಳೆಯ ನಂಬಿಕೆ ಅಳಿಯುವುದಿಲ್ಲ. ಇದನ್ನು ಅಳೆಯಲೆಂದೇ ಅಮೆರಿಕದ ಡೇವಿಡ್ ಹೆಸ್ಟೆನೆಸ್ ಮತ್ತು ಸಂಗಡಿಗರು 1992ರಲ್ಲಿ ಲೆಕ್ಕವಿಲ್ಲದ, ಬರಿಯ ಪರಿಕಲ್ಪನೆಯ ಪ್ರಶ್ನೆಪತ್ರಿಕೆ ಪ್ರಕಟಿಸಿದರು. ಸಾಂಪ್ರದಾಯಿಕ ಬೋಧನೆಯ ಬಳಿಕವೂ ಹಲವರು ಅದರಲ್ಲಿ ಎಡವಿದರು.

ಹುನಗುಂದ, ಬಾದಾಮಿಗಳ ತರಗತಿಗಳಿಗೂ ಇದರಲ್ಲಿ ಪಾಠವಿದೆ. ಬಸ್ಸು ಬ್ರೇಕ್ ಹಾಕಿದಾಗ ನಿಂತವರು ಮುಂದಕ್ಕೆ ವಾಲುವರು, ತಳ್ಳಿದವರು ಯಾರು? ನಿಯಮವನ್ನು ಹೇಳುವ ಮುನ್ನ ಶಿಕ್ಷಕರು ಹೀಗೆ ಕೇಳಲಿ. ಮಕ್ಕಳ ತಪ್ಪು ಉತ್ತರವೇ ಪಾಠದ ಆರಂಭವಾಗಲಿ.