ಊರಳಿವಿನ ಬಳಿಕದ ಕಾಳಗ: ಅಲ್ಪ ಬಂಡವಾಳದ ಒಂದು ಚಿತ್ರಪ್ರಕಾರ ಮತ್ತು ಕನ್ನಡದ ನೆನಪು

ಒಂದು ಕಾಲದ ಜನರು ಯಾವುದಕ್ಕೆ ಅಂಜಿದ್ದರೆಂಬುದನ್ನು ಆ ಕಾಲದ ಮಹಾಕೃತಿಗಳಷ್ಟೇ ಸ್ಪಷ್ಟವಾಗಿ ಅದರ ಅಗ್ಗದ ಮನರಂಜನೆಯೂ ತಿಳಿಸುತ್ತದೆ. 1975ರಿಂದ ಸುಮಾರು ಎರಡು ದಶಕಗಳ ಕಾಲ ಅಮೆರಿಕ, ಆಸ್ಟ್ರೇಲಿಯ, ಇಟಲಿ, ಫಿಲಿಪೈನ್ಸ್ ದೇಶಗಳಲ್ಲಿ ತಯಾರಾದ ಒಂದು ಬಗೆಯ ಚಲನಚಿತ್ರಗಳು ಇದಕ್ಕೆ ನಿದರ್ಶನ. ಅಣುಯುದ್ಧದಿಂದಲೋ ಪಿಡುಗಿನಿಂದಲೋ ಇಂಧನದ ಕೊರತೆಯಿಂದಲೋ ನಾಗರಿಕತೆ ಕುಸಿದಿದೆ. ಸರಕಾರ, ನ್ಯಾಯಾಲಯ, ಪೇಟೆ ಯಾವುದೂ ಉಳಿದಿಲ್ಲ. ಪುಂಡರ ಗುಂಪುಗಳು ಅಳಿದುಳಿದ ಜನರನ್ನು ಸುಲಿಯುತ್ತಿವೆ. ಆಗ ಎಲ್ಲಿಂದಲೋ ಬಂದ ಒಬ್ಬಂಟಿ ಕಾದಾಳು ಕೈಕಾಲುಗಳ ಬಲದಿಂದ, ಇಲ್ಲವೇ ಕತ್ತಿಯಿಂದ, ಒಂದು ಸಣ್ಣ ಜನವಸತಿಯನ್ನು ಕಾಪಾಡುತ್ತಾನೆ. ಕಥೆ ಬಹುತೇಕ ಇಷ್ಟೆ. ವಿಮರ್ಶಕರು ಇಂತಹ ಚಿತ್ರಗಳನ್ನು ಹೆಚ್ಚಾಗಿ ಕಡೆಗಣಿಸಿದರು. ಆದರೆ ಕನ್ನಡದ ಕಾವ್ಯ ಮತ್ತು ಶಾಸನಗಳನ್ನು ಓದುವವರಿಗೆ, ಅದರಲ್ಲಿಯೂ ಜತ್ತದಂತಹ ಬರದ ಸೀಮೆಯಲ್ಲಿದ್ದು ಓದುವವರಿಗೆ, ಈ ಕಥೆ ಅಪರಿಚಿತವಲ್ಲ.

ಈ ಪ್ರಕಾರದ ವಂಶಾವಳಿ ಸ್ವಾರಸ್ಯಕರವಾದುದು. ಜಪಾನಿನ ಅಕಿರಾ ಕುರೊಸಾವಾ 1961ರಲ್ಲಿ ನಿರ್ದೇಶಿಸಿದ ‘ಯೋಜಿಂಬೊ’ ಚಿತ್ರದಲ್ಲಿ ಒಡೆಯನಿಲ್ಲದ ಸಮುರಾಯಿಯೊಬ್ಬ ಎರಡು ಗುಂಪುಗಳ ನಡುವೆ ಸಿಕ್ಕಿ ನಲುಗಿದ ಊರಿಗೆ ಬರುತ್ತಾನೆ. ಆ ಕಥೆಯೇ 1964ರಲ್ಲಿ ಇಟಲಿಯ ಸೆರ್ಜಿಯೊ ಲಿಯೋನೆಯ ಕೈಯಲ್ಲಿ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ಎಂಬ ಕುದುರೆ ಸವಾರರ ಚಿತ್ರವಾಯಿತು. 1973ರಲ್ಲಿ ಬ್ರೂಸ್ ಲೀ ನಟಿಸಿದ ‘ಎಂಟರ್ ದ ಡ್ರ್ಯಾಗನ್’ ಬರಿಗೈ ಕಾಳಗದ ರುಚಿಯನ್ನು ಜಗತ್ತಿಗೆಲ್ಲ ಹತ್ತಿಸಿತು. ಅದರ ನಿರ್ದೇಶಕ ರಾಬರ್ಟ್ ಕ್ಲೌಸ್ 1975ರಲ್ಲಿ ‘ದಿ ಅಲ್ಟಿಮೇಟ್ ವಾರಿಯರ್’ ಎಂಬ ಚಿತ್ರದಲ್ಲಿ ಈ ಎರಡು ಧಾರೆಗಳನ್ನು ಕೂಡಿಸಿದನು. ಪಿಡುಗಿನಿಂದ ಪೈರೆಲ್ಲ ನಾಶವಾದ ನ್ಯೂಯಾರ್ಕಿನಲ್ಲಿ, ರೋಗಕ್ಕೆ ಬಗ್ಗದ ಬಿತ್ತನೆಯ ಬೀಜಗಳನ್ನು ಕಾಪಾಡಲು ಕಾದಾಳುವೊಬ್ಬ ನೇಮಕಗೊಳ್ಳುವ ಕಥೆ ಅದು. 1979ರಲ್ಲಿ ಆಸ್ಟ್ರೇಲಿಯದ ಜಾರ್ಜ್ ಮಿಲ್ಲರ್ ತೆಗೆದ ‘ಮ್ಯಾಡ್ ಮ್ಯಾಕ್ಸ್’, 1981ರ ಅದರ ಎರಡನೆಯ ಭಾಗ ಈ ಲೋಕಕ್ಕೆ ಮರುಭೂಮಿ, ಮುರುಕು ವಾಹನ, ಚರ್ಮದ ಉಡುಪುಗಳ ಸಿದ್ಧ ಚಹರೆಯನ್ನು ಕೊಟ್ಟವು. ಮಿಲ್ಲರ್ ವೃತ್ತಿಯಿಂದ ವೈದ್ಯನಾಗಿದ್ದನು. ಮೊದಲ ಭಾಗವನ್ನು ಸುಮಾರು 4 ಲಕ್ಷ ಆಸ್ಟ್ರೇಲಿಯನ್ ಡಾಲರುಗಳೊಳಗೆ ಮುಗಿಸಿದನು. ಅದರ ಗೆಲುವನ್ನು ಕಂಡು ಇಟಲಿ, ಫಿಲಿಪೈನ್ಸ್‌ಗಳಲ್ಲಿ ಅನುಕರಣೆಗಳ ಮಳೆಯೇ ಸುರಿಯಿತು.

ಲೋಕವೇ ಮುಳುಗಿದ ಕಥೆಯನ್ನು ಇಷ್ಟು ಕಡಿಮೆ ಹಣದಲ್ಲಿ ಹೇಳಲು ಸಾಧ್ಯವಾದದ್ದು ಹೇಗೆ? ಉತ್ತರ ಕಥೆಯೊಳಗೇ ಇದೆ. ವೈಭವದ ನಗರವನ್ನು ತೋರಿಸಲು ಹಣ ಬೇಕು. ಹಾಳೂರನ್ನು ತೋರಿಸಲು ಮುಚ್ಚಿದ ಕಾರ್ಖಾನೆ, ಕಲ್ಲುಗಣಿ, ಬಯಲು ಸಾಕು. ಉಡುಪಿಗೆ ಹರಕು ಬಟ್ಟೆ, ತಗಡು, ಹಳೆಯ ಟಯರು ಸಾಕು. ಕೋವಿ, ಗುಂಡು, ಸಿಡಿಮದ್ದುಗಳಿಗೆ ವೆಚ್ಚ ಹೆಚ್ಚು. ಗುಂಡು ತಯಾರಿಸುವ ಕಾರ್ಖಾನೆಗಳೇ ಅಳಿದಿವೆಯೆಂದು ಕಥೆ ಹೇಳಿದೊಡನೆ ಮುಷ್ಟಿಯುದ್ಧಕ್ಕೆ ಕಾರಣವೂ ಸಿಕ್ಕಿತು, ವೆಚ್ಚವೂ ಉಳಿಯಿತು. 1989ರ ‘ಸೈಬಾರ್ಗ್’ ಇದಕ್ಕೆ ಒಳ್ಳೆಯ ಉದಾಹರಣೆ. ಕ್ಯಾನನ್ ಎಂಬ ಅಮೆರಿಕನ್ ಸಂಸ್ಥೆ ಬೇರೆ ಎರಡು ಚಿತ್ರಗಳಿಗಾಗಿ ಸಿದ್ಧತೆ ನಡೆಸಿ, ಹಣದ ಮುಗ್ಗಟ್ಟಿನಿಂದ ಅವನ್ನು ಕೈಬಿಟ್ಟಿತ್ತು. ಹಾಗೆ ಉಳಿದ ಸೆಟ್ಟು, ಉಡುಪುಗಳನ್ನು ಬಳಸಿ ನಿರ್ದೇಶಕ ಆಲ್ಬರ್ಟ್ ಪ್ಯೂನ್ ಸುಮಾರು 5 ಲಕ್ಷ ಡಾಲರಿನಲ್ಲಿ ಈ ಚಿತ್ರವನ್ನು ಪೂರೈಸಿದನು. ಅದರ ನಾಯಕ ಜ್ಯಾಂ ಕ್ಲೋಡ್ ವಾನ್ ಡ್ಯಾಮ್ ಕಾಳಗದ ಕಲೆಯಲ್ಲಿ ಪಳಗಿದವನು. ವಿಡಿಯೊ ಕ್ಯಾಸೆಟ್ಟಿನ ಹೊಸ ಮಾರುಕಟ್ಟೆ ಇಂತಹ ಚಿತ್ರಗಳಿಗೆ ಚಿತ್ರಮಂದಿರದ ಹಂಗಿಲ್ಲದ ಬಾಳ್ವೆಯನ್ನು ಒದಗಿಸಿತು. ಸಾಮಗ್ರಿಯ ಕೊರತೆಯೇ ಇಲ್ಲಿ ಶೈಲಿಯಾಗಿ ಪರಿಣಮಿಸಿದೆ.

ಈ ಕಥೆಗಳಲ್ಲಿ ಹೋರಾಟ ಯಾವುದಕ್ಕಾಗಿ ನಡೆಯುತ್ತದೆಂಬುದನ್ನು ಗಮನಿಸಬೇಕು. ಚಿನ್ನಕ್ಕಾಗಿ ಯಾರೂ ಹೊಡೆದಾಡುವುದಿಲ್ಲ. ಕ್ಲೌಸ್‌ನ ಚಿತ್ರದಲ್ಲಿ ಬೀಜ, ಮಿಲ್ಲರ್‌ನ ಚಿತ್ರದಲ್ಲಿ ಪೆಟ್ರೋಲು. ಫಿಲಿಪೈನ್ಸ್‌ನ ಸಿರಿಯೊ ಸ್ಯಾಂಟಿಯಾಗೊ 1983ರಲ್ಲಿ ನಿರ್ದೇಶಿಸಿದ ‘ಸ್ಟ್ರೈಕರ್’ನಲ್ಲಿ ನೀರು. ನಮೀಬಿಯದ ಮರಳುಗಾಡಿನಲ್ಲಿ ಚಿತ್ರಿತವಾದ 1987ರ ‘ಸ್ಟೀಲ್ ಡಾನ್’ನಲ್ಲಿಯೂ ನೀರೇ: ವಿಧವೆಯೊಬ್ಬಳ ಹೊಲದ ಕೆಳಗೆ ಶುದ್ಧ ಜಲವಿದೆ, ಸೀಮೆಯ ನೀರೆಲ್ಲ ತನ್ನ ಹಿಡಿತದಲ್ಲಿರಬೇಕೆನ್ನುವ ಧನಿಕನೊಬ್ಬನಿದ್ದಾನೆ, ಅಲೆಮಾರಿ ಖಡ್ಗಧಾರಿ ಅವಳ ಪರವಾಗಿ ನಿಲ್ಲುತ್ತಾನೆ. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಜತ್ತದ ಓದುಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಈ ಸೀಮೆಯ ನೆನಪಿನಲ್ಲಿ ಲೋಕಾಂತ್ಯ ಭವಿಷ್ಯದ ಕಲ್ಪನೆಯಲ್ಲ, ಆಗಿಹೋದ ಸಂಗತಿ. ನೆರೆಯ ವಿಜಯಪುರ ಸೀಮೆಯಲ್ಲಿ 1791–92ರ ಕ್ಷಾಮವನ್ನು ಜನರು ‘ಡೋಗಿ ಬರ’ವೆಂದು ಕರೆದರು, ಹೂಳುವವರಿಲ್ಲದೆ ನೆಲದ ಮೇಲೆ ಬಿದ್ದ ತಲೆಬುರುಡೆಗಳಿಂದ ಆ ಹೆಸರು ಬಂದಿತು.

ಕನ್ನಡ ಸಾಹಿತ್ಯದಲ್ಲಿ ಈ ಪ್ರಕಾರದ ಪೂರ್ವಛಾಯೆಯನ್ನು ಕಾಣಬಯಸುವವರು ಮೊದಲು ರನ್ನನ ‘ಗದಾಯುದ್ಧ’ವನ್ನು ನೆನೆಯಬೇಕು. ಹದಿನೆಂಟು ದಿನಗಳ ಯುದ್ಧ ಮುಗಿಯುತ್ತ ಬಂದಿದೆ. ಸೈನ್ಯವಿಲ್ಲ, ತಮ್ಮಂದಿರಿಲ್ಲ, ಗೆಳೆಯನಿಲ್ಲ. ದುರ್ಯೋಧನ ಹೆಣಗಳ ನಡುವೆ ನಡೆದು ಭೀಷ್ಮನನ್ನು ಕಾಣುತ್ತಾನೆ. ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ. ಕೊನೆಗೆ ಇಬ್ಬರ ನಡುವಿನ ಗದೆಯ ಕಾಳಗದಲ್ಲಿ ಎಲ್ಲವೂ ತೀರ್ಮಾನವಾಗುತ್ತದೆ. ನಾಶವಾದ ಲೋಕ, ಮುರಿದ ಆಯುಧಗಳು, ಕೊನೆಯ ದ್ವಂದ್ವ ಎಂಬ ಮೂರು ಅಂಗಗಳೂ ಕೃಷ್ಣೆಯ ಆಚೆಯ ಮುಧೋಳದ ಕವಿಯಲ್ಲಿ ಸಾವಿರ ವರ್ಷಗಳ ಹಿಂದೆಯೇ ಕೂಡಿಬಂದಿವೆ. ಆದರೆ ವ್ಯತ್ಯಾಸವೂ ದೊಡ್ಡದು. ರನ್ನನ ದುರ್ಯೋಧನ ವೈರಿಯ ಮಗ ಅಭಿಮನ್ಯುವಿನ ಶವದ ಮುಂದೆ ನಿಂತು ಅವನ ಶೌರ್ಯಕ್ಕೆ ತಲೆಬಾಗುತ್ತಾನೆ. ಅಗ್ಗದ ಚಿತ್ರಗಳ ಖಳನಿಗೆ ಇಂತಹ ಅಂತರಂಗವಿಲ್ಲ. ಅಲ್ಲಿ ವೀರ, ರೌದ್ರ, ಭಯಾನಕಗಳಿವೆ. ಕರುಣಕ್ಕೆ ಅವಕಾಶ ತೀರ ಕಡಿಮೆ.

ಎರಡನೆಯ ಆಧಾರ ವೀರಗಲ್ಲು. ತುರುಗೋಳ್, ಪೆಣ್ಬುಯ್ಯಲ್, ಊರಳಿವು ಎಂಬ ಶಾಸನೋಕ್ತ ಪದಗಳು ದನ, ಹೆಂಗಸರ ಮಾನ, ಊರು ಇವುಗಳ ರಕ್ಷಣೆಗಾಗಿ ನಡೆದ ಕಾದಾಟಗಳನ್ನು ಸೂಚಿಸುತ್ತವೆ. ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರೊಡನೆ ಸ್ವರ್ಗಾರೋಹಣ, ಮೇಲೆ ದೇವಸಾನ್ನಿಧ್ಯ. ಇಲ್ಲಿಯ ವೀರ ಆ ಊರಿನವನೇ; ಜೋಳವಾಳಿ, ವೇಳೆವಾಳಿಗಳ ಋಣಕ್ಕೆ ಕಟ್ಟುಬಿದ್ದವನು. ಚಿತ್ರಗಳ ವೀರನಾದರೋ ಎಲ್ಲ ಋಣಗಳೂ ಹರಿದುಹೋದ ಲೋಕದವನು. ಉಂಡ ಜೋಳದ ಹಂಗಿಲ್ಲದವನು ಯಾರಿಗಾಗಿ ಕಾದಬೇಕು ಎಂಬುದೇ ಈ ಪ್ರಕಾರದ ನಿಜವಾದ ಪ್ರಶ್ನೆ.

ಆ ಪ್ರಶ್ನೆಯನ್ನು ಕನ್ನಡ ಚಿತ್ರರಂಗದಲ್ಲಿ ನೇರವಾಗಿ ಕೈಗೆತ್ತಿಕೊಂಡದ್ದು ಗಿರೀಶ ಕಾರ್ನಾಡರು ನಿರ್ದೇಶಿಸಿದ ‘ಒಂದಾನೊಂದು ಕಾಲದಲ್ಲಿ’ (1978). ಇದು ಪ್ರಳಯೋತ್ತರ ಕಥೆಯಲ್ಲ, ಮಧ್ಯಯುಗದ ಕರ್ನಾಟಕದ್ದು. ಆದರೆ ಕುರೊಸಾವಾನಿಂದ ಕವಲೊಡೆದ ಅದೇ ಬಳ್ಳಿಯ ಕಾಯಿ. ದಾಯಾದಿ ಜಗಳದಲ್ಲಿ ಮುಳುಗಿದ ಪಾಳೆಯಗಾರರು, ಕೂಲಿಗಾಗಿ ಕಾದುವ ಸೈನಿಕರು, ಎದುರಾಳಿಗಳಾಗಿ ನಿಂತ ಗಂಡುಗಲಿ ಮತ್ತು ಪೆರಮಾಡಿ. ಗಂಡುಗಲಿಯಾಗಿ ನಟಿಸಿದ ಶಂಕರ್ ನಾಗ್ ಅವರಿಗೆ ಇದು ಮೊದಲ ಚಿತ್ರ. ಪೆರಮಾಡಿಯಾಗಿ ಸುಂದರಕೃಷ್ಣ ಅರಸ್ ನಟಿಸಿದರು. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಇದಕ್ಕೆ ದೊರೆಯಿತು. ಒಡೆಯನ ಅನ್ನದ ಋಣ ಎಲ್ಲಿಯವರೆಗೆ, ಅವಮಾನ ಎಲ್ಲಿಂದ ಎಂಬ ಜಿಜ್ಞಾಸೆಯಲ್ಲಿ ಜೋಳವಾಳಿಯ ಹಳೆಯ ಮೌಲ್ಯವನ್ನೇ ಈ ಚಿತ್ರ ಒರೆಗೆ ಹಚ್ಚುತ್ತದೆ. ಕಾಳಗ ಇಲ್ಲಿ ಅಲಂಕಾರವಾಗಿ ಬಂದಿಲ್ಲ. ವಾದವೇ ಕಾಳಗದ ರೂಪ ತಾಳಿದೆ.

ಈ ಪ್ರಕಾರದ ಮಿತಿಯನ್ನೂ ಜತ್ತದ ಅನುಭವದಿಂದಲೇ ಅಳೆಯಬಹುದು. ನೀರು ಬತ್ತಿದೊಡನೆ ಮನುಷ್ಯರು ತೋಳ್ಬಲಕ್ಕೆ ಇಳಿಯುತ್ತಾರೆ, ಒಬ್ಬ ವೀರನೇ ಅವರಿಗೆ ಗತಿ ಎಂಬುದು ಈ ಚಿತ್ರಗಳ ನಂಬಿಕೆ. ಜತ್ತ ತಾಲೂಕಿನ ಪೂರ್ವಭಾಗದ ಕನ್ನಡ ಹಳ್ಳಿಗಳು ಬರ ಬಿಗಿದಾಗ ಮಾಡಿದ್ದೇ ಬೇರೆ. ನೀರು ದೊರೆಯದಿದ್ದರೆ ಕರ್ನಾಟಕಕ್ಕೆ ಸೇರುವೆವೆಂದು 2012ರಲ್ಲಿ ಠರಾವು ಮಾಡಿದವು. 2022ರ ನವೆಂಬರಿನಲ್ಲಿ ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಸುಮಾರು 40 ಗ್ರಾಮಗಳ ಆ ಠರಾವನ್ನು ಪ್ರಸ್ತಾಪಿಸಿದಾಗ ಎರಡೂ ರಾಜ್ಯಗಳಲ್ಲಿ ಭಾಷೆ, ಗಡಿಗಳ ಮಾತು ಜೋರಾಯಿತು. ಆದರೆ ಠರಾವಿನ ಬೇರು ಇದ್ದದ್ದು ನೀರಿನಲ್ಲಿ; ಕೃಷ್ಣೆಯ ನೀರನ್ನು ಮೇಲೆತ್ತುವ ಮ್ಹೈಸಾಳ ಏತ ನೀರಾವರಿ ತಮ್ಮ ಹೊಲಗಳಿಗೆ ತಲುಪಿರಲಿಲ್ಲವೆಂಬ ಸಂಕಟದಲ್ಲಿ. ಸಭೆ ಸೇರಿ, ಬರೆದು, ಸಹಿ ಮಾಡಿ ಕೇಳುವ ಈ ದಾರಿ ನಿಧಾನವಾದುದು. ತೊಂಬತ್ತು ನಿಮಿಷಗಳ ಚಿತ್ರಕ್ಕೆ ಅದು ಒಗ್ಗುವುದಿಲ್ಲ.

ಆದ್ದರಿಂದ ಇಂತಹ ಚಿತ್ರವನ್ನು ನೋಡುವ ವಿದ್ಯಾರ್ಥಿಯು ಮೂರು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದಿರುವುದು ಲೇಸು. ಲೋಕ ಅಳಿದ ಮೇಲೂ ಜನರು ಯಾವುದನ್ನು ಬೆಲೆಯುಳ್ಳದ್ದೆಂದು ಬಗೆದಿದ್ದಾರೆ? ವೀರನು ಯಾವ ಋಣದಿಂದ ಕಾದುತ್ತಿದ್ದಾನೆ? ಅವನು ಹೊರಟುಹೋದ ಮೇಲೆ ಬಾವಿಯ ನೀರನ್ನು ಹಂಚುವವರು ಯಾರು? ಮೊದಲೆರಡಕ್ಕೆ ಚಿತ್ರಗಳು ತಕ್ಕಮಟ್ಟಿಗೆ ಉತ್ತರ ಕೊಡುತ್ತವೆ. ಮೂರನೆಯದು ಬರುವ ಹೊತ್ತಿಗೆ ಅವು ಮುಗಿದಿರುತ್ತವೆ. ಅಲ್ಲಿಂದ ಮುಂದಿನ ಕಥೆ ಊರಿನವರದು.